ಕಡ್ಡಿ ಮೊದಲೋ, ಮುದ್ದೆ ಮೊದಲೋ

ಆ ಭಾನುವಾರ ಗಂಗಾಲಕ್ಷ್ಮಿಯನ್ನು ಮನೆಯಿಂದ ಹೊರಗೆ ಹಾಕುವುದೆಂದು ತೀರ್ಮಾನವಾಗಿತ್ತು. ಅವತ್ತಿನ ಅಡುಗೆಯನ್ನು ಅವಳೇ ಮಾಡಬೇಕೆಂದೂ ತೀರ್ಮಾನವಾಗಿತ್ತು.

ಇದರಲ್ಲಿ ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಟೇಕಲ್ ಬೆಟ್ಟದ ಹಿಂದಿನ ಆ ಊರಿನಲ್ಲಿ, ಅವರ ಕುಲದಲ್ಲಿ, ಗಂಡ ಹೆಂಡತಿಯನ್ನು ಬಿಡಬೇಕಾದರೆ ಒಂದು ಕಡ್ಡಿ ಸಾಕು. ಕುಲದ ಯಜಮಾನರು ಬಂದು ಜಗಲಿಯ ಮೇಲೆ ಕೂರುತ್ತಾರೆ. ಗಂಡ ಕಡ್ಡಿಯ ಒಂದು ತುದಿ ಹಿಡಿಯುತ್ತಾನೆ, ಹೆಂಡತಿ ಇನ್ನೊಂದು ತುದಿ. ಹಿರಿಯ ಯಜಮಾನ ನಡುವೆ ಮುರಿಯುತ್ತಾನೆ. ಇಬ್ಬರೂ ತಮ್ಮ ತುಂಡನ್ನು ಹಿಂದಕ್ಕೆ ಎಸೆದರೆ ಮದುವೆ ಮುಗಿಯಿತು. ಹೆಂಗಸು ಉಟ್ಟ ಸೀರೆಯಲ್ಲಿ ತವರಿಗೆ ಹೊರಡಬೇಕು. ಯಜಮಾನರು ಕೈ ತೊಳೆದು ಮುದ್ದೆ, ಬಾಡಿನ ಸಾರು ಉಣ್ಣಬೇಕು. ತೀರ್ಪು ಕೊಟ್ಟವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಆ ತೀರ್ಪು ನಿಲ್ಲುವುದಿಲ್ಲ ಎಂಬುದು ಕುಲದ ನಂಬಿಕೆ. ಈ ನಂಬಿಕೆ ಯಜಮಾನರಲ್ಲಿ ಬಹಳ ಗಟ್ಟಿಯಾಗಿತ್ತು.

ಬೇರೆ ಮನೆಗಳಲ್ಲಾದರೆ ನಾದಿನಿಯೋ ವಾರಗಿತ್ತಿಯೋ ಒಲೆ ಮುಂದೆ ಕೂರುತ್ತಿದ್ದರು. ಈ ಮನೆಯಲ್ಲಿ ಗಂಗಾಲಕ್ಷ್ಮಿಯ ಗಂಡ ನರೇಶ ಒಬ್ಬನೇ ಮಗ. ಅವನ ತಾಯಿ ಮುನಿಶಾಮಮ್ಮ ಬಚ್ಚಲಲ್ಲಿ ಜಾರಿಬಿದ್ದು, ಮುರಿದ ಬಲಗೈಗೆ ಪುತ್ತೂರಿನ ನಾಟಿ ಕಟ್ಟು ಹಾಕಿಸಿಕೊಂಡು ಕೂತಿದ್ದಳು. ಅವಳ ಗಂಡ ಶ್ರೀರಾಮಪ್ಪನಿಗೆ ಎರಡೂ ಕೈ ನೆಟ್ಟಗಿದ್ದವು, ಆದರೆ ಅವನು ಗಂಡಸು. ಹೀಗಾಗಿ ಶನಿವಾರ ಸಂಜೆ ಮುನಿಶಾಮಮ್ಮ ಸೊಸೆಯನ್ನು ಕರೆದು ಹೇಳಿದಳು.

“ನಾಳೆ ಇಪ್ಪತ್ತು ಜನಕ್ಕೆ ಆಗೋಂಗೆ ಮುದ್ದೆ ತೊಳಸ್ಬಿಡೇ ಗಂಗೀ. ಆಮೇಲೆ ನಿಮ್ಮಣ್ಣನ ಜೊತೆ ಹೊರಡೋವಂತೆ. ಹೋಗೋಕೆ ಮುಂಚೆ ಪಾತ್ರೆ ಬೆಳಗಿಟ್ಟು ಹೋಗು. ನಂಗೆ ಕೈ ಆಗಲ್ಲ.”

ಗಂಗಾಲಕ್ಷ್ಮಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ಎಷ್ಟಿದೆ ಎಂದು ನೋಡಿದಳು.

ನರೇಶನಿಗೆ ನರಸಾಪುರದ ಒಂದು ಕಂಪನಿಯಲ್ಲಿ ಕೆಲಸ. ಕೊರಳಲ್ಲಿ ಐಡಿ ಕಾರ್ಡು. ಅದನ್ನು ಅವನು ರಜಾ ದಿನವೂ ತೆಗೆಯುತ್ತಿರಲಿಲ್ಲ. ಸ್ವಂತ ಕೊಟ್ಟಿಗೆಯಲ್ಲಿ ಹಸು ಅವನನ್ನು ತಡೆದು ಗುರುತು ಕೇಳುತ್ತದೇನೋ. ಅದೇ ಕಂಪನಿಯಲ್ಲಿ ಕೆಲಸ ಮಾಡುವ ಇನ್ನೊಬ್ಬಳು ಅವನಿಗೆ ಇಷ್ಟವಾಗಿದ್ದಳು. ತಿಂಗಳಾದರೆ ಸಂಬಳ ತರುವವಳು. ಇದನ್ನು ಅವನು ತಾಯಿಗೆ ಹೇಳಿದ. ಕುಲದವರಿಗೆ ಹೇಳಿದ್ದು ಬೇರೆ. “ಇವಳು ದುಡಿಯಲ್ಲ. ಬರೀ ಮನೇಲಿರ್ತಾಳೆ” ಎಂದ.

ಬರೀ ಮನೆಯಲ್ಲಿರುವುದು ಏನೆಂದು ಕೇಳಿ. ಬೆಳಕು ಹರಿಯುವ ಮೊದಲು ಎದ್ದು ಸೀಮೆಹಸುಗಳ ಹಾಲು ಕರೆಯಬೇಕು. ಕ್ಯಾನು ಹೊತ್ತು ಡೈರಿಗೆ ಹೋಗಬೇಕು. ಸಗಣಿ ಬಾಚಬೇಕು. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು ರೇಷ್ಮೆ ಹುಳುಗಳಿಗೆ ಹಾಕಬೇಕು. ಹುಳು ದೊಡ್ಡವಾದ ಮೇಲೆ ಹಗಲೂ ರಾತ್ರಿ ತಿನ್ನುತ್ತವೆ, ಆಗ ನಿದ್ದೆ ಬಿಡಬೇಕು. ಮಾವ ಮಂಚದ ಮೇಲಿಂದ ಕಾಫಿ ಎಂದಾಗೆಲ್ಲ ಕಾಫಿ ಕೊಡಬೇಕು. ಈ ಮನೆ ಕಟ್ಟುವಾಗ ಮಾಲೂರಿನಿಂದ ಬಂದ ಇಟ್ಟಿಗೆಯನ್ನು ಲಾರಿ ನಿಲ್ಲುವ ಟಾರು ರಸ್ತೆಯಿಂದ ಇಲ್ಲಿಯವರೆಗೆ ಹೊತ್ತವಳು ಅವಳು. ಆಗ ಮಗಳು ಹೊಟ್ಟೆಯಲ್ಲಿದ್ದಳು. ನೆತ್ತಿಯ ಮೇಲೆ ಅಂಗೈ ಅಗಲದಷ್ಟು ಕೂದಲು ಉದುರಿದ್ದು ಮತ್ತೆ ಬರಲೇ ಇಲ್ಲ. ಇದಕ್ಕೆಲ್ಲ ಸಂಬಳವಿಲ್ಲ, ಆದ್ದರಿಂದ ಇದು ಕೆಲಸವಲ್ಲ ಎಂದು ಗಂಡ ಹೇಳಿದ, ಅತ್ತೆ ತಲೆಯಾಡಿಸಿದಳು, ಕುಲದವರು ಒಪ್ಪಿದರು.

ಅವಳು ಸುಮ್ಮನೆ ಕೂತಿರಲಿಲ್ಲ. ಹಿಂದಿನ ವಾರ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನನ್ನು ಪಕ್ಕದ ಮನೆ ಬೈರಮ್ಮನ ಕೈಗೆ ಕೊಟ್ಟು, ಅಲ್ಲಿಂದಲೇ ಮಾಲೂರಿನ ಬಸ್ಸು ಹತ್ತಿದ್ದಳು. ಕೋರ್ಟಿನ ಹತ್ತಿರ ಬಡವರಿಗೆ ಪುಕ್ಕಟೆಯಾಗಿ ಕಾನೂನು ಹೇಳುವ ಕೋಣೆಯೊಂದಿದೆ ಎಂದು ಬೈರಮ್ಮನಿಗೆ ಯಾರೋ ಹೇಳಿದ್ದರು. ಅಲ್ಲಿ ಸುನಂದ ಎಂಬ ವಕೀಲಮ್ಮ ಕೂತಿದ್ದಳು. ತಲೆಯ ಮೇಲೆ ಫ್ಯಾನು ತಿರುಗುತ್ತಿರಲಿಲ್ಲ. ಗಂಗಾಲಕ್ಷ್ಮಿ ಕೇಳಬೇಕೆಂದು ಹೋದರೆ ವಕೀಲಮ್ಮನೇ ಕೇಳತೊಡಗಿದಳು.

“ಮನೆ ಯಾರ ಹೆಸರಲ್ಲಿದೆ? ಮದುವೆ ಎಲ್ಲಾಯ್ತು, ನೋಡಿದೋರು ಯಾರು? ನಿನ್ನ ಒಡವೆ ಈಗ ಎಲ್ಲಿದೆ? ಮಗಳು ಯಾರ ಹತ್ರ ಇರ್ಬೇಕು ಅಂತೀಯ? ಅವಳ ಖರ್ಚು, ನಿನ್ನ ಜೀವನಾಂಶ ಯಾರು ನೋಡ್ಕೋಬೇಕು? ನೀನು ಆ ಮನೇಲಿ ಬಾಳ್ತಾ ಇದ್ದೀಯ ಅಂತ ಬಂದು ಹೇಳೋರು ಯಾರಿದ್ದಾರೆ?”

ಗಂಗಾಲಕ್ಷ್ಮಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಮನೆ ಅತ್ತೆ ಹೆಸರಲ್ಲಿದೆ. ಒಡವೆ ಅತ್ತೆ ಬೀರುವಿನಲ್ಲಿದೆ. ಮಗಳು ಹಾಸ್ಟೆಲಿನಲ್ಲಿ ಓದುತ್ತಾಳೆ, ರಜ ಬಂದರೆ ಇಳಿಯಲು ಅವಳಿಗೊಂದು ಮನೆ ಬೇಕು. ಕೊನೆಗೆ ವಕೀಲಮ್ಮ, “ಸರಿ, ನಿನಗೇನು ಬೇಕು?” ಎಂದಳು. ಈ ಪ್ರಶ್ನೆಯನ್ನು ಗಂಗಾಲಕ್ಷ್ಮಿಗೆ ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಟೇಬಲ್ ಮೇಲಿದ್ದ ನೀರು ಕುಡಿದು ಹೇಳಿದಳು.

“ನಂಗೆ ಅವನು ಬೇಡ ಮೇಡಂ. ಮನೆ ಬೇಕು.”

ವಕೀಲಮ್ಮ ನಕ್ಕುಬಿಟ್ಟಳು. “ಕೇಳ್ಬೋದು ಕಣಮ್ಮ. ಮನೆ ಅತ್ತೆ ಹೆಸರಲ್ಲಿದ್ರೂ, ನೀನು ಬಾಳ್ತಿರೋ ಮನೆಯಿಂದ ಹಿಂಗೆ ಎಳೆದು ಹೊರಗೆ ಹಾಕೋಕೆ ಆಗಲ್ಲ. ಕೋರ್ಟು ಹೇಳ್ಬೇಕು. ನಿಮ್ಮ ಕಡ್ಡಿ ಪದ್ಧತಿ ಇದೆಯಲ್ಲ, ಅದು ಹಿಂದಿನಿಂದ ನಡ್ಕೊಂಡು ಬಂದಿದೆ ಅಂತ ತೋರಿಸಿದ್ರೆ ಕೋರ್ಟು ಒಪ್ಪಲೂಬಹುದು. ಅದನ್ನ ತೋರಿಸೋ ಕಷ್ಟ ಅವರದ್ದು. ನೀನಾಗೇ ಹೋಗಿ ಹಿಡ್ಕೊಂಡು ಅವರ ಕಷ್ಟ ಕಮ್ಮಿ ಮಾಡ್ಬೇಡ. ಕಡ್ಡಿ ಮುಟ್ಬೇಡ. ಕಾಗದಕ್ಕೆ ಸೈನ್ ಹಾಕ್ಬೇಡ. ಹೊಸಿಲು ದಾಟ್ಬೇಡ. ಮೈಮೇಲೆ ಬಂದ್ರೆ ಪೊಲೀಸಿಗೆ ಫೋನ್ ಮಾಡು.”

ಮುದ್ದೆಯ ವಿಷಯ ಮಾತ್ರ ವಕೀಲಮ್ಮನಿಗೂ ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಮರಿ ಕಡಿದರು. ಗಂಗಾಲಕ್ಷ್ಮಿ ಬಾಡು ತೊಳೆದಳು, ಮಸಾಲೆ ರುಬ್ಬಿದಳು, ಹಿತ್ತಲಿನ ದೊಡ್ಡ ಒಲೆಗೆ ಸೌದೆ ಒಡ್ಡಿ ಸಾರಿಗಿಟ್ಟಳು. ಹೊಗೆಗೆ ಕಣ್ಣು ಕೆಂಪಾಯಿತು. ಅತ್ತ ಜಗಲಿ ತುಂಬುತ್ತಿತ್ತು. ಹಿರಿಯ ಯಜಮಾನ ಕೋದಂಡರಾಮಪ್ಪ ಮುಳಬಾಗಿಲಿನ ಕಡೆಯವನು. ಕೋಪ ಬಂದಾಗ, ಹಸಿವಾದಾಗ ತೆಲುಗು ಬರುತ್ತಿತ್ತು. ಪಕ್ಕದಲ್ಲಿ ವೆಂಕಟರಮಣಪ್ಪ, ಸಕ್ಕರೆ ಕಾಯಿಲೆಯವನು. ಸಾರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಇನ್ನೇನು ತಟ್ಟೆ ಇಡುತ್ತಾರೆಂದು ಊಟಕ್ಕೆ ಮುಂಚಿನ ಮಾತ್ರೆಯನ್ನು ನುಂಗಿಬಿಟ್ಟ. ಈ ಮಾತ್ರೆಯನ್ನು ಮರೆಯಬೇಡಿ, ಅವತ್ತಿನ ನ್ಯಾಯವನ್ನು ಅರ್ಧ ನಡೆಸಿದ್ದು ಅದೇ.

ಗಂಗಾಲಕ್ಷ್ಮಿಯ ಅಣ್ಣ ಸುರೇಶನೂ ಬಂದ. ಅವನು ಕೋಲಾರದ ಮಂಡಿಗೆ ಟೊಮ್ಯಾಟೊ ಹೊಡೆಯುವ ಗೂಡ್ಸ್ ಆಟೋದವನು. ತಂಗಿಯ ಪರವಾಗಿ ನ್ಯಾಯ ಕೇಳಲು ಬರುವವನು ಗಾಡಿಯನ್ನು ಖಾಲಿ ಮಾಡಿ, ಗುಡಿಸಿ, ಹಿಂದಿನ ಬಾಗಿಲು ತೆರೆದಿಟ್ಟುಕೊಂಡೇ ಬಂದಿದ್ದ. ನ್ಯಾಯ ಹೇಗೂ ಒಂದೇ ಕಡೆ ಹೋಗುತ್ತದೆ, ಇನ್ನೊಂದು ಟ್ರಿಪ್ಪು ಯಾಕೆ ಎಂದು.

“ಎಲ್ಲಾ ರೆಡಿನಾ?” ಎಂದ ಕೋದಂಡರಾಮಪ್ಪ.

ನರೇಶ ಹಿತ್ತಲಿನಿಂದ ಒಂದು ಹಿಪ್ಪುನೇರಳೆ ಕಡ್ಡಿ ಕಿತ್ತು ತಂದಿದ್ದ. ತೋಟದ ಕಡೆ ತಲೆ ಹಾಕದವನಿಗೆ ಹಸಿ ಯಾವುದು ಒಣಗಿದ್ದು ಯಾವುದು ಎಂದು ತಿಳಿಯಲಿಲ್ಲ. ಕಡ್ಡಿಯ ತುದಿಯಲ್ಲಿ ಒಂದು ಎಳೆ ಎಲೆಯೂ ಇತ್ತು.

ಆಗ ಗಂಗಾಲಕ್ಷ್ಮಿ ಒಳಗಿನಿಂದ ಬಂದು ಹೊಸಿಲು ದಾಟದೆ ನಿಂತಳು. ಕೈಯಲ್ಲಿ ಹಿಟ್ಟಿನ ಕೋಲಿತ್ತು. ಎಸರು ಕುದಿಯುತ್ತಿತ್ತು, ಹಿಟ್ಟು ಹಾಕಿರಲಿಲ್ಲ.

“ಯಜಮಾನ್ರೇ, ಒಂದು ಮಾತು.”

“ಪಂಚಾಯ್ತೀಲಿ ಹೆಂಗಸ್ರು ಮಾತಾಡೋಂಗಿಲ್ಲ ಕಣಮ್ಮ. ಏನಿದ್ರೂ ನಿಮ್ಮಣ್ಣನ ಹತ್ರ ಹೇಳು, ಅವನು ಹೇಳ್ತಾನೆ.”

“ಆಗ್ಲಿ. ಅಣ್ಣಾ, ಯಜಮಾನ್ರನ್ನ ಕೇಳು. ಕಡ್ಡಿ ಮೊದಲೋ, ಮುದ್ದೆ ಮೊದಲೋ?”

ಸುರೇಶ ಕೋದಂಡರಾಮಪ್ಪನ ಕಡೆ ತಿರುಗಿದ. ಅಣ್ಣ, ತಂಗಿ, ಯಜಮಾನ, ಮೂವರೂ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದರು. “ಕಡ್ಡಿ ಮೊದಲೋ ಮುದ್ದೆ ಮೊದಲೋ ಅಂತಾಳೆ ಯಜಮಾನ್ರೇ” ಎಂದ.

“ಕಡ್ಡಿ ಮೊದಲು. ಅದೇ ಪದ್ಧತಿ.”

“ಕಡ್ಡಿ ಮೊದಲಂತೆ ಕಣಮ್ಮ” ಎಂದ ಸುರೇಶ ಇತ್ತ ತಿರುಗಿ.

“ಹಂಗಾದ್ರೆ ಇನ್ನೊಂದು ಕೇಳು. ಕಡ್ಡಿ ಮುರಿದ ಮೇಲೆ ನಾನು ಈ ಮನೆ ಸೊಸೆ ಅಲ್ಲ. ಹೊರಗಿನೋಳು. ಹೊರಗಿನೋಳು ಇವರ ಅಡುಗೆಮನೆಗೆ ಹೋಗಿ ಯಾಕೆ ಮುದ್ದೆ ತೊಳಸ್ಬೇಕು?”

ಸುರೇಶ ಬಾಯಿ ತೆರೆದ, ಆದರೆ ತಿರುಗಲಿಲ್ಲ. ಅವನಿಗೂ ಅದು ಹೌದಲ್ಲ ಅನ್ನಿಸಿತು. ಇದುವರೆಗೆ ಬಿಟ್ಟ ಹೆಂಗಸರಲ್ಲಿ ಒಬ್ಬಳೂ ಇದನ್ನು ಕೇಳಿರಲಿಲ್ಲ. ಅವರೆಲ್ಲ ಅಳುವುದರಲ್ಲಿದ್ದರು.

“ಅಂಗಾದ್ರೆ ಮುದ್ದೆ ಮೊದಲು ಆಗೋಗ್ಲಿ” ಎಂದ ವೆಂಕಟರಮಣಪ್ಪ. ಅವನ ಮಾತ್ರೆ ಕೆಲಸ ಶುರು ಮಾಡಿತ್ತು.

“ಅದೆಂಗಾಗ್ತದಯ್ಯ?” ಕೋದಂಡರಾಮಪ್ಪ ಗದರಿದ. “ಅವಳ ಕೈಯಡುಗೆ ಉಂಡು, ಅದೇ ಬಾಯಲ್ಲಿ ಅವಳನ್ನ ಹೊರಗೆ ಹಾಕೋದು ಧರ್ಮಾನಾ? ಹೊರಗೆ ಹಾಕಿದ ಮೇಲೆ ಉಣ್ಣೋದು ಧರ್ಮ.”

“ಹೊರಗೆ ಹಾಕಿದ ಮೇಲೆ ಇಕ್ಕೋರು ಯಾರು?”

“ಅದನ್ನ ಹುಡುಗನ ಕಡೆಯೋರು ನೋಡ್ಕೋಬೇಕು.”

ಹುಡುಗನ ಕಡೆಯವರೆಂದರೆ ಕೈಗೆ ಕಟ್ಟು ಹಾಕಿಸಿಕೊಂಡ ಮುನಿಶಾಮಮ್ಮ, ಮಂಚದ ಮೇಲಿನ ಶ್ರೀರಾಮಪ್ಪ. ಮುನಿಶಾಮಮ್ಮ ಅಂಗಳದ ಮೋಟುಗೋಡೆಯಾಚೆಗೆ ಕತ್ತು ಚಾಚಿದಳು. ಅಲ್ಲಿ ಬೈರಮ್ಮ ಮತ್ತು ಬೀದಿಯ ಹೆಂಗಸರು ಮೊಣಕೈ ಊರಿಕೊಂಡು ನಿಂತು ನೋಡುತ್ತಿದ್ದರು.

“ಬೈರೀ, ಬಾರೇ, ಒಂದು ಕೈ ಹಾಕು.”

“ನಾನಾ? ಇವತ್ತು ನಿನ್ನ ಸೊಸೆನ ಕಳ್ಸೋಕೆ ತೊಳಸ್ತೀನಿ, ನಾಳೆ ನನ್ನ ಮಗಳನ್ನ ಅವರತ್ತೆ ಮನೆಯಿಂದ ಕಳ್ಸೋಕೆ ಯಾರೋ ತೊಳಸ್ತಾರೆ. ನನ್ನ ಕೈಗೂ ಕಟ್ಟು ಹಾಕೈತೆ ಅಂದ್ಕೋ” ಎಂದಳು ಬೈರಮ್ಮ, ಎರಡೂ ಕೈ ಮೇಲೆತ್ತಿ ತೋರಿಸುತ್ತ.

ನರೇಶನಿಗೆ ರೇಗಿತು. ಮೆಟ್ಟಿಲು ಹತ್ತಿ ಬಂದು ಹೆಂಡತಿಯ ರಟ್ಟೆ ಹಿಡಿದು ಎಳೆದ. ಎಳೆದ ರಭಸಕ್ಕೆ ಅವಳ ಮೊಣಕೈ ಬಾಗಿಲವಾಡಕ್ಕೆ ಬಡಿಯಿತು. ಬಲವಂತವಾಗಿ ಅವಳ ಬೆರಳು ಬಿಡಿಸಿ ಕಡ್ಡಿಯ ತುದಿಯನ್ನು ತುರುಕಲು ನೋಡಿದ. ಇಷ್ಟು ಜನ ಹಿರಿಯರು ಕೂತಿದ್ದರು. ಒಬ್ಬನೂ “ಬಿಡೋ” ಅನ್ನಲಿಲ್ಲ. ಅವರಲ್ಲಿ ಇಬ್ಬರು ಅವಳ ಮದುವೆಯಲ್ಲಿ ಅಕ್ಷತೆ ಹಾಕಿದವರು. ಅದನ್ನು ನೋಡಿ ಅವಳಿಗೆ ಗಂಡನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅವರ ಮೇಲೆ ಬಂತು.

“ಕೈ ಬಿಡು.”

“ಹಿಡಿಯೇ! ಹಿಡಿ ಅಂದ್ರೆ!”

“ಕೈ ಬಿಡು ಅಂದೆ.”

ಅವಳ ಇನ್ನೊಂದು ಕೈಯಲ್ಲಿ ಹಿಟ್ಟಿನ ಕೋಲಿತ್ತು. ಇಪ್ಪತ್ತು ಜನಕ್ಕೆ ಮುದ್ದೆ ತೊಳಸುವ ಕೋಲು, ಕೈ ಉದ್ದದ ಗಟ್ಟಿ ಮರ. ಅವಳು ಎತ್ತಲಿಲ್ಲ. ಆದರೆ ನರೇಶ ಅದನ್ನು ನೋಡಿದ, ಆಮೇಲೆ ಅದನ್ನು ಹಿಡಿದಿದ್ದ ರಟ್ಟೆಯನ್ನು ನೋಡಿದ. ಕೈ ಬಿಟ್ಟ.

“ಎಲ್ಲಾರೂ ಕೇಳಿಸ್ಕೊಳ್ಳಿ” ಎಂದಳು ಗಂಗಾಲಕ್ಷ್ಮಿ. ಈ ಸಲ ಅಣ್ಣನ ಮೂಲಕ ಹೇಳಲಿಲ್ಲ. “ಇವನ ಮೇಲೆ ನಂಗೇನೂ ಪ್ರೀತಿ ಉಕ್ಕಿ ಹರೀತಿಲ್ಲ. ಬಿಡ್ತಾನಾ? ಬಿಡ್ಲಿ. ಇನ್ನೊಬ್ಳನ್ನ ಕಟ್ಕೊಳ್ತಾನಾ? ಕೋರ್ಟಲ್ಲಿ ಬಿಡಿಸ್ಕೊಂಡು ಕಟ್ಕೊಳ್ಲಿ. ನಾನು ಈ ಮನೆ ಬಿಡಲ್ಲ. ಇದರ ಇಟ್ಟಿಗೆ ನನ್ನ ನೆತ್ತಿ ಮೇಲೆ ಬಂದೈತೆ. ಇಲ್ಲಿ ನೋಡಿ, ಕೂದಲಿಲ್ಲ. ನಿಮ್ಮ ತಲೇಲೂ ಕೂದಲಿಲ್ಲ ಯಜಮಾನ್ರೇ, ನೀವೇನು ಹೊತ್ತಿದ್ರಿ?”

ಗೋಡೆಯಾಚೆ ಹೆಂಗಸರು ಕಿಸಕ್ಕನೆ ನಕ್ಕರು. ಕೋದಂಡರಾಮಪ್ಪ ಟವೆಲನ್ನು ತಲೆಗೆ ಸುತ್ತಿಕೊಂಡ. ಅವನ ಹಿರಿತನಕ್ಕೆ ಏಟು ಬಿದ್ದಿತ್ತು, ಅದಕ್ಕೇ ಬೇಗ ಮುಗಿಸಬೇಕಿತ್ತು.

“ಅವಳು ಹಿಡೀದಿದ್ರೆ ಬೇಡ. ಹೆಣ್ಣಿನ ಕಡೆಯೋರು ಯಾರು ಹಿಡಿದ್ರೂ ನಡೀತದೆ. ಸುರೇಶಾ, ನೀನು ಬಾ. ಹಿಡ್ಕೋ.”

ಸುರೇಶ ತಂಗಿಯ ಮುಖ ನೋಡಿದ, ಯಜಮಾನರ ಮುಖ ನೋಡಿದ. ದೊಡ್ಡವರು ಕೂಗಿದ ಕಡೆ ಹೋಗುವುದು ಅವನಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಹೋಗಿ ಹಿಡಿದ. ಒಂದು ಕಡೆ ಬಾವ, ಒಂದು ಕಡೆ ಬಾಮೈದ. ಕೋದಂಡರಾಮಪ್ಪ ಕುಲದೇವರ ಹೆಸರು ಹೇಳಿ ನಡುವೆ ಮುರಿಯಲು ಹೋದ.

ಕಡ್ಡಿ ಬಾಗಿತು. ಹಸಿ ಹಿಪ್ಪುನೇರಳೆ ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ. ಇತ್ತ ಬಾಗಿಸಿದ, ಅತ್ತ ಬಾಗಿಸಿದ. ಒಳಗಿನ ಬೆಂಡು ಲಟಕ್ಕೆಂದಿತು, ಸಿಪ್ಪೆ ಮಾತ್ರ ಬಿಡಲಿಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿದ. ಬಾವ ಬಾಮೈದರು ಆ ತಿರುಚಾಟಕ್ಕೆ ತಾವೂ ಸ್ವಲ್ಪ ಸ್ವಲ್ಪ ತಿರುಗಿದರು. ಕೊನೆಗೆ ಕುಲದ ಹಿರಿಯ ಬಗ್ಗಿ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಹರಿದ. ಬಾಯಲ್ಲಿ ಸೇರಿದ ಎಲೆಯನ್ನು ಉಗಿದ.

“ಆಯ್ತು. ಎಸೀರಿ.”

ಇಬ್ಬರೂ ಹಿಂದಕ್ಕೆ ಎಸೆದರು. ಸುರೇಶ ಎಸೆದ ತುಂಡು ವೆಂಕಟರಮಣಪ್ಪನ ಮಡಿಲಿಗೆ ಬಿತ್ತು.

“ಈಗ ಯಾರು ಯಾರನ್ನ ಬಿಟ್ಟಂಗಾಯ್ತು?” ಎಂದಳು ಗಂಗಾಲಕ್ಷ್ಮಿ. “ಹಿಡಿದೋರು ಇವರಿಬ್ರು, ಎಸೆದೋರು ಇವರಿಬ್ರು. ನಮ್ಮಣ್ಣ ನಿಮ್ಮ ನರೇಶನ್ನ ಬಿಟ್ಟ. ಇವನೂ ಅವನನ್ನ ಬಿಟ್ಟ. ಸಂತೋಷ. ನಾನು ಏನೂ ಹಿಡಿದಿಲ್ಲ, ಏನೂ ಎಸೆದಿಲ್ಲ.”

ಬೈರಮ್ಮ ನಕ್ಕು ನಕ್ಕು ಗೋಡೆಯಿಂದ ಕೆಳಗೆ ಜಾರಿದಳು. ಜಗಲಿಯ ಮೇಲೂ ಹಿಂದೆ ಕೂತಿದ್ದ ಒಬ್ಬಿಬ್ಬರು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡರು. ಸುರೇಶ ಮಾತ್ರ ಬಹಳ ಗಂಭೀರವಾಗಿ ಯೋಚಿಸಿ, “ಹಂಗಾದ್ರೆ ಬಾವ ಇನ್ಮೇಲೆ ನನ್ನ ಗಾಡಿ ಕೇಳೋಂಗಿಲ್ಲ” ಎಂದ. ಅವನ ಮುಖದಲ್ಲಿ ಬೆಳಗಿನಿಂದ ಮೊದಲ ಬಾರಿಗೆ ಒಂದಿಷ್ಟು ಕಳೆ ಬಂತು.

“ಆಕಲೇಸ್ತಾ ಉಂದಪ್ಪಾ” ಎಂದ ಕೋದಂಡರಾಮಪ್ಪ, ಮಗುವಿನ ಹಾಗೆ ಹೊಟ್ಟೆ ಹಿಡಿದುಕೊಂಡು. ಹಸಿವಿಗೆ ತೆಲುಗು ಬಂದಿತ್ತು.

ವೆಂಕಟರಮಣಪ್ಪನ ಹಣೆಯಲ್ಲಿ ಬೆವರು. ಕೈ ನಡುಗುತ್ತಿತ್ತು. “ಲೇ ನರೇಶಾ, ನಂಗೆ ತಲೆ ಸುತ್ತೈತೆ ಕಣೋ. ಮಾತ್ರೆ ತಗೊಂಡಿದೀನಿ. ಏನಾದ್ರೂ ಹಾಕ್ರೋ ಹೊಟ್ಟೆಗೆ. ಇಲ್ಲಿ ನಾನೇ ಹೋಗ್ಬಿಟ್ರೆ ಅದಕ್ಕೊಂದು ಪಂಚಾಯ್ತಿ ಆಗ್ತದೆ.”

“ಮುದ್ದೆ ತಾನೇ? ನಾನೇ ತೊಳಸ್ತೀನಿ” ಎಂದ ನರೇಶ. ಕಂಪನಿಯಲ್ಲಿ ಅಷ್ಟು ದೊಡ್ಡ ಮೆಷಿನ್ ನಡೆಸುವವನಿಗೆ ಇದ್ಯಾವ ಲೆಕ್ಕ. ಹೆಂಡತಿಯ ಕೈಯಿಂದ ಕೋಲು ಕಿತ್ತುಕೊಂಡು ಹಿತ್ತಲಿಗೆ ಹೋದ. ಅವಳು ಹಿತ್ತಲ ಬಾಗಿಲಿಗೆ ಒರಗಿ ನಿಂತು ನೋಡಿದಳು. ತಡೆಯಲೂ ಇಲ್ಲ, ಹೇಳಿಕೊಡಲೂ ಇಲ್ಲ.

ಅವನು ಹಿಟ್ಟನ್ನೆಲ್ಲ ಒಮ್ಮೆಗೇ ಸುರಿದ. ಕುದಿಯುವ ಎಸರು ಉಕ್ಕಿ ಕಾಲ ಮೇಲೆ ಚೆಲ್ಲಿತು. ಹಾರಿದ. ಕೋಲು ಹಾಕಿ ತಿರುವಿದರೆ ಕೋಲಿನ ಜೊತೆ ಪಾತ್ರೆಯೂ ತಿರುಗಿತು. ಪಾತ್ರೆಯನ್ನು ಕೈಯಲ್ಲಿ ಹಿಡಿದ, ಮತ್ತೆ ಹಾರಿದ. ಮುದ್ದೆ ತೊಳಸುವುದೆಂದರೆ ಪಾತ್ರೆಯನ್ನು ಕಾಲಿನಲ್ಲಿ ಅದುಮಿ ಹಿಡಿದು, ಮುಖಕ್ಕೆ ಬಡಿಯುವ ಹಬೆಯಲ್ಲಿ, ಹಿಟ್ಟಿನ ಒಂದು ಗಂಟೂ ಉಳಿಯದ ಹಾಗೆ ಎರಡೂ ರಟ್ಟೆ ಸೋಲುವವರೆಗೆ ತಿರುವಬೇಕು. ಅವಳು ಅದನ್ನು ದಿನವೂ ಮಾಡಿದ್ದಳು, ಜ್ವರ ಬಂದಾಗಲೂ ಮಾಡಿದ್ದಳು. ಐಡಿ ಕಾರ್ಡು ಜೋತಾಡಿಕೊಂಡು ಹಿಟ್ಟಿನೊಳಕ್ಕೆ ಬಿತ್ತು. ಅದನ್ನು ಎಳೆದ. ದಾರ ಬಂತು, ಕಾರ್ಡು ಬರಲಿಲ್ಲ.

ಮಾಡಿ ತಂದದ್ದಕ್ಕೆ ಮುದ್ದೆಯೆಂದು ಹೇಳುವ ಧೈರ್ಯ ಅವನಿಗೂ ಇರಲಿಲ್ಲ. ವೆಂಕಟರಮಣಪ್ಪ ಒಂದು ತುತ್ತು ಮುರಿದ. ಒಳಗಿನಿಂದ ಹಸಿ ಹಿಟ್ಟು ಪುಡಿಪುಡಿಯಾಗಿ ಉದುರಿತು. ಗಂಟು ಗಂಟಲಲ್ಲಿ ಸಿಕ್ಕಿ ಕಣ್ಣು ಮೇಲಾಯಿತು, ಬೆನ್ನು ಗುದ್ದಬೇಕಾಯಿತು. ಎರಡನೇ ತುತ್ತಿಗೆ ಯಾರೂ ಕೈ ಹಾಕಲಿಲ್ಲ.

ವೆಂಕಟರಮಣಪ್ಪ ಗೋಡೆ ಹಿಡಿದು ಎದ್ದ. ಗಂಗಾಲಕ್ಷ್ಮಿಯ ಮುಂದೆ ಬಂದು ನಿಂತ.

“ತಾಯೀ, ನಂಗೆ ಮುದ್ದೆ ಹಾಕು. ನಿನ್ನ ಪಂಚಾಯ್ತಿ ನಂಗೆ ಬೇಡ.”

ಅವನ ನಡುಗುವ ಕೈ ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಒಳಗೆ ಹೋಗಿ ಮೊದಲು ಒಂದು ತುಂಡು ಬೆಲ್ಲ ತಂದು ಅವನ ಬಾಯಿಗೆ ಹಾಕಿದಳು. ಆಮೇಲೆ ಜಗಲಿಯ ಕಡೆ ತಿರುಗಿದಳು.

“ಎಲ್ಲಾರ್ಗೂ ಹಾಕ್ತೀನಿ. ಸಾರು ನಾನೇ ಮಾಡಿದ್ದು, ಮುದ್ದೆನೂ ತೊಳಸ್ತೀನಿ. ಆದ್ರೆ ಯಾರ ಮನೇಲಿ ಉಣ್ತಿದೀರಿ ಅಂತ ಬಾಯಿ ಬಿಟ್ಟು ಹೇಳಿ ಉಣ್ಬೇಕು. ನಾಳೆ ಇವನು ಕೋರ್ಟಿಗೆ ಹೋಗಿ ಇವಳು ನಮ್ಮನೇಲಿರಲಿಲ್ಲ, ಕುಲದೋರು ಬಿಡಿಸಿ ಕಳಿಸಿದ್ರು ಅಂದ್ರೆ, ನಿಮ್ಮನ್ನ ಕರೀತೀನಿ. ಬಂದು ಹೇಳ್ಬೇಕು.”

“ಹೇಳ್ತೀನಿ” ಎಂದ ವೆಂಕಟರಮಣಪ್ಪ ಬೆಲ್ಲ ಚೀಪುತ್ತ. “ಗಂಗಾಲಕ್ಷ್ಮಿ ಮನೇಲಿ ಉಂಡೆ ಅಂತ ಹೇಳ್ತೀನಿ. ಮಾಲೂರಲ್ಲಿ ಬೇಕಾ, ಕೋಲಾರದಲ್ಲಿ ಬೇಕಾ? ಬೇಗ ಎಸರಿಡು.”

ಒಬ್ಬ ಹೇಳಿದ ಮೇಲೆ ಇನ್ನೊಬ್ಬ ಹೇಳಿದ. ಸಾರಿನ ವಾಸನೆ ಜಗಲಿಯ ಮೇಲೆಯೇ ನಿಂತಿತ್ತು. ಅವಳು ಹೊಸ ಎಸರಿಟ್ಟು, ಬೈರಮ್ಮನ ಮನೆಯಿಂದ ಹಿಟ್ಟು ತರಿಸಿ, ತೊಳಸಿ, ಬಿಸಿಬಿಸಿ ಮುದ್ದೆ ಕಟ್ಟಿ ತಂದಳು. ತಟ್ಟೆ ಹಿಡಿದು ಒಬ್ಬೊಬ್ಬನ ಮುಂದೆ ನಿಂತಳು. ಹೇಳಿದವನಿಗೆ ಇಕ್ಕಿದಳು. ಕೋದಂಡರಾಮಪ್ಪ ಕೊನೆಯವರೆಗೆ ಕಟ್ಟುನಿಟ್ಟಾಗಿ ಕೂತಿದ್ದ. ಪಕ್ಕದವನು ಮೂಳೆ ಚೀಪುವ ಸದ್ದು ಕೇಳಿ ಕಣ್ಣು ಮುಚ್ಚಿಕೊಂಡು, “ಗಂಗಾಲಕ್ಷ್ಮಿ ಮನೆ” ಎಂದ.

“ಕೇಳಿಸ್ಲಿಲ್ಲ” ಎಂದಳು ಬೈರಮ್ಮ ಗೋಡೆಯಾಚೆಯಿಂದ.

“ಗಂಗಾಲಕ್ಷ್ಮಿ ಮನೆ ಅಂತ ಅಂದ್ನಲ್ಲಮ್ಮಾ!” ಎಂದು ಕೂಗಿದ. ಆ ಕೂಗು ಬೀದಿಯ ಕೊನೆಯವರೆಗೆ ಹೋಯಿತು.

ಉಂಡರು. ಹೊಟ್ಟೆ ತುಂಬ ಉಂಡರು. ತೇಗಿದರು. ಎದ್ದು ಕೈ ತೊಳೆಯಲು ಹೊರಟಾಗ ಅವಳು ತೊಟ್ಟಿಯ ಹತ್ತಿರ ನಿಂತಿದ್ದಳು.

“ತಟ್ಟೆ ಅಲ್ಲೇ ಬಿಡ್ಬೇಡಿ. ಉಜ್ಜಿಟ್ಟು ಹೋಗಿ. ನಂಗೆ ರಟ್ಟೆ ಬಿದ್ದೋಗೈತೆ.”

ಇಪ್ಪತ್ತು ಜನ ಹಿರಿಯರು ಬಿಳಿ ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತರು. ಕೋದಂಡರಾಮಪ್ಪ ತೆಂಗಿನ ನಾರನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನಿಗೆ ಎಪ್ಪತ್ತು ದಾಟಿತ್ತು, ತಟ್ಟೆಯ ಹಿಂಭಾಗವನ್ನು ಅವನು ನೋಡಿರಲಿಲ್ಲ. “ಎರಡೂ ಕಡೆ ಉಜ್ಜಬೇಕಾ?” ಎಂದು ಕೇಳಿದ.

“ಹೂಂ. ಎರಡೂ ಕಡೆ.”

ನರೇಶ ಸುಟ್ಟ ಕೈಗೆ ಎಣ್ಣೆ ಸವರಿಕೊಂಡು ಬಂದು ಯಜಮಾನರ ಬೆನ್ನ ಹಿಂದೆ ನಿಂತ. “ಯಜಮಾನ್ರೇ, ಹಂಗಾದ್ರೆ ತೀರ್ಮಾನ ಏನು?”

“ಕೋರ್ಟಿಗೆ ಹೋಗೋ” ಎಂದ ಕೋದಂಡರಾಮಪ್ಪ ತಿರುಗಿ ನೋಡದೆ. “ನಾವು ಉಂಡಾಯ್ತು.”

“ಹೋಗ್ತೀನಿ! ನಾಳೆನೇ ಹೋಗ್ತೀನಿ!”

“ಹೋಗು” ಎಂದಳು ಗಂಗಾಲಕ್ಷ್ಮಿ. “ನಾನೂ ಬರ್ತೀನಿ. ಅಲ್ಲಿ ನಿನ್ನ ಮಾತು ಕೇಳಿದ ಮೇಲೆ ನನ್ನ ಮಾತೂ ಕೇಳ್ತಾರೆ. ಅಲ್ಲೀವರೆಗೆ ನೀನು ಎಲ್ಲಿ ಮಲಗ್ತೀಯೋ ಮಲಗು. ನನ್ನ ಕೋಣೆಗೆ ಕಾಲಿಡ್ಬೇಡ.”

ಜಗಲಿ ಖಾಲಿಯಾಯಿತು. ಸುರೇಶ ಖಾಲಿ ಗಾಡಿಯನ್ನು ಖಾಲಿಯಾಗಿಯೇ ಓಡಿಸಿಕೊಂಡು ಹೋದ. ಗಂಗಾಲಕ್ಷ್ಮಿ ಹೊಸಿಲಿನ ಮೇಲೆ ಕೂತಳು. ಈಗ ಅಳು ಬಂತು, ಅತ್ತಳು. ಅಷ್ಟೂ ಜನ ಕೂತು ನೋಡಿದ್ದು ನೆನಪಾಗಿ ಮತ್ತೆ ಸಿಟ್ಟು ಬಂತು. ಮೊಣಕೈ ಊದಿಕೊಂಡಿತ್ತು. ಮೂಗು ಒರೆಸಿಕೊಂಡು, ಉಳಿದಿದ್ದ ಮುದ್ದೆಯನ್ನು ತಟ್ಟೆಗೆ ಹಾಕಿಕೊಂಡು, ಬಾಡಿನ ತುಂಡುಗಳನ್ನು ಆರಿಸಿ ಆರಿಸಿ ಬಡಿಸಿಕೊಂಡು ಉಣ್ಣತೊಡಗಿದಳು.

ಮುನಿಶಾಮಮ್ಮ ಬಂದಳು. ಅವಳೂ ಬೆಳಗಿನಿಂದ ಉಂಡಿರಲಿಲ್ಲ. ಎಡಗೈಯಲ್ಲಿ ಒಂದು ತಟ್ಟೆ ಹಿಡಿದಿದ್ದಳು. ಬೈಯುತ್ತಾಳೆಂದು ಗಂಗಾಲಕ್ಷ್ಮಿ ಕಾದಳು. ಮುನಿಶಾಮಮ್ಮ ಬೈಯಲಿಲ್ಲ. ಸೊಸೆಯ ಪಕ್ಕದಲ್ಲಿ, ಅದೇ ಹೊಸಿಲಿನ ಮೇಲೆ, ಉಸ್ಸೆಂದು ಕೂತಳು.

“ನಂಗೂ ಒಂದು ಮುದ್ದೆ ಹಾಕು.”

ಗಂಗಾಲಕ್ಷ್ಮಿ ಹಾಕಿದಳು. ಸಾರು ಬಿಟ್ಟಳು. ಅತ್ತೆ ಎಡಗೈಯಲ್ಲೇ ಮುರಿದು ಕಷ್ಟಪಟ್ಟು ನುಂಗಿದಳು. ಒಳಗಿನ ಮಂಚದ ಮೇಲಿಂದ ಶ್ರೀರಾಮಪ್ಪ ಕೂಗಿದ. ಅವನ ಊಟವನ್ನು ಯಾರೂ ತಂದಿಲ್ಲವಂತೆ. ಮುನಿಶಾಮಮ್ಮ ಏಳಲಿಲ್ಲ. ಇನ್ನೊಂದು ತುತ್ತು ನುಂಗಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

“ಲೇ ಗಂಗಾ, ಬೈರಿ ಹೇಳಿದ್ಲು, ಆ ಮಾಲೂರಿನ ವಕೀಲಮ್ಮ ಇದ್ದಾಳಲ್ಲ.”

“ಹೂಂ ಅತ್ತೆ.”

“ವಯಸ್ಸಾದೋರ್ದೂ ಕೇಸು ತಗೊಳ್ತಾಳಾ?”